ಮನೆಯ ಹಳೆಯ ವಾದ್ಯಸಂಗೀತದ ರೆಕಾರ್ಡುಗಳನ್ನು ಕೆಡದಂತೆ ಕಂಪ್ಯೂಟರಿಗೆ ಇಳಿಸುವ ವಿಧಾನ

ಹಾಡಿನ ಒಂದು ಸಾಲು ನೆನಪಿದ್ದರೆ ಸಾಕು, ಇವತ್ತು ಅದನ್ನು ಹುಡುಕಿ ಕೇಳಬಹುದು. ವಾದ್ಯದಲ್ಲಿ ನುಡಿಸಿದ ಧಾಟಿಗೆ ಆ ಅನುಕೂಲವಿಲ್ಲ. ವ್ಯಾನ್ ಶಿಪ್ಲಿಯವರ ಎಲೆಕ್ಟ್ರಿಕ್ ಗಿಟಾರ್, ಈನಾಕ್ ಡೇನಿಯಲ್ಸ್ ಅವರ ಪಿಯಾನೊ ಅಕಾರ್ಡಿಯನ್, ಹಜಾರಾ ಸಿಂಗ್ ಮತ್ತು ಸುನಿಲ್ ಗಂಗೂಲಿಯವರ ಹವಾಯಿಯನ್ ಗಿಟಾರ್: ಹಿಂದಿ ಚಿತ್ರಗೀತೆಗಳನ್ನು ಮಾತಿಲ್ಲದೆ ನುಡಿಸಿದ ಇಂಥ ರೆಕಾರ್ಡುಗಳು ಅಪ್ಪ ಅಮ್ಮನ ಕಾಲದಿಂದ ಎಷ್ಟೋ ಮನೆಗಳ ಕಪಾಟಿನಲ್ಲಿ ಉಳಿದುಕೊಂಡಿವೆ. ಆಕಾಶವಾಣಿಯಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಉಳಿದ ನಿಮಿಷಗಳನ್ನು ತುಂಬುತ್ತಿದ್ದುದೂ ಇಂಥ ಸಂಗೀತವೇ. ಜನಪ್ರಿಯ ಹಾಡೊಂದನ್ನು ಹಲವರು ನುಡಿಸಿರುತ್ತಾರೆ. ನಿಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕೇಳಿಸುತ್ತಿದ್ದುದು ಯಾರ ಕೈಯದು ಎಂಬುದನ್ನು ಹೇಳಬಲ್ಲದ್ದು ಆ ಪ್ಲೇಟು ಮತ್ತು ಅದನ್ನು ಕೊಂಡು ತಂದವರು ಮಾತ್ರ. ಎರಡೂ ಕೈಗೆ ಸಿಗುವಾಗಲೇ ಈ ಕೆಲಸ ಮುಗಿಸಬೇಕು.

ವಾದ್ಯಸಂಗೀತವನ್ನು ಇಳಿಸುವಾಗ ಗಾಯನಕ್ಕಿಂತ ಹೆಚ್ಚು ಜಾಗ್ರತೆ ಬೇಕು. ದನಿ ಇದ್ದಾಗ ಕಿವಿ ಮಾತಿನ ಹಿಂದೆ ಹೋಗುತ್ತದೆ, ಹಿನ್ನೆಲೆಯ ಗೊರಗೊರವನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಸ್ಟೀಲ್ ಗಿಟಾರಿನ ಉದ್ದನೆಯ ಜಾರುಸ್ವರದಲ್ಲಿ ಹಾಗಲ್ಲ. ತಟ್ಟೆಯ ವೇಗ ಒಂದಿಷ್ಟು ಅಲುಗಿದರೂ ಅದು ಕೇಳಿಸುತ್ತದೆ, ಕೆಟ್ಟ ಮುಳ್ಳಿನ ಕರಕರವೂ ಕೇಳಿಸುತ್ತದೆ. ಸದ್ದು ತೆಗೆಯಲು ಹೋಗಿ ತಂತಿ ಮೀಟಿದ ಪೆಟ್ಟನ್ನೇ ಅಳಿಸಿಬಿಟ್ಟರಂತೂ ನುಡಿಸಿದವರ ಕೈ ಅಲ್ಲಿ ಉಳಿಯುವುದೇ ಇಲ್ಲ.

ಮೊದಲು ಪ್ಲೇಟನ್ನು ಗುರುತಿಸಿ

10 ಇಂಚಿನ, ಭಾರವಾದ, ಬಿದ್ದರೆ ಒಡೆಯುವ ತಟ್ಟೆ ಸಾಮಾನ್ಯವಾಗಿ 78 ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನ ಪ್ಲೇಟು. ಭಾರತದಲ್ಲಿ ಇವು 1960ರ ದಶಕದುದ್ದಕ್ಕೂ ಅಚ್ಚಾಗುತ್ತಿದ್ದವು. ಆದ್ದರಿಂದ ಆ ದಶಕದ ಚಿತ್ರಗೀತೆಯ ಧಾಟಿ 78ರ ಪ್ಲೇಟಿನಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. 7 ಇಂಚಿನದು ಇಪಿ. ಹೆಚ್ಚಿನವು 45 ವೇಗದವು, ಬದಿಗೆ ಎರಡು ಹಾಡು. ಆದರೆ 7 ಇಂಚಿನಲ್ಲೇ 33⅓ ವೇಗದವೂ ಬಂದಿವೆ, ಹಾಗಾಗಿ ಅಳತೆ ನೋಡಿ ವೇಗ ಊಹಿಸಬೇಡಿ, ಲೇಬಲ್ ಓದಿ. 12 ಇಂಚಿನದು ಎಲ್‌ಪಿ, 33⅓. ಎಚ್‌ಎಂವಿಯ ಎಲ್‌ಪಿಗಳಲ್ಲಿ ಕ್ಯಾಟಲಾಗ್ ಸಂಖ್ಯೆಗೆ ಮೊದಲು ಇಸಿಎಲ್‌ಪಿ ಎಂದಿದ್ದರೆ ಮೋನೊ (ಎಡ ಬಲ ಎರಡೂ ಕಡೆ ಒಂದೇ ಸದ್ದು), ಇಸಿಎಸ್‌ಡಿ ಅಥವಾ ಇಎಎಸ್‌ಡಿ ಎಂದಿದ್ದರೆ ಸ್ಟೀರಿಯೊ. ಮೋನೊ ಹೌದೋ ಅಲ್ಲವೋ ಎಂಬುದು ಮುಂದೆ ಸದ್ದು ತೆಗೆಯುವಾಗ ಬಹಳ ಉಪಯೋಗಕ್ಕೆ ಬರುತ್ತದೆ. ಈಗಲೇ ಬರೆದಿಟ್ಟುಕೊಳ್ಳಿ.

ಗೆರೆಯ ಅಗಲವೂ ಬೇರೆ ಬೇರೆ. 78ರ ಗೆರೆಗೆ ಸುಮಾರು 75 ಮೈಕ್ರಾನ್ ತುದಿಯ ಮುಳ್ಳು ಬೇಕು. ಮೋನೊ ಎಲ್‌ಪಿಗೆ 25 ಮೈಕ್ರಾನ್, ಸ್ಟೀರಿಯೊಗೆ 18ರ ಆಸುಪಾಸು. ಎಲ್‌ಪಿ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ಗೋಡೆಗಳನ್ನು ಮುಟ್ಟದೆ ತಳದ ಕಸದಲ್ಲಿ ಓಡುತ್ತದೆ. ಕೇಳಿಸುವುದು ಸಂಗೀತಕ್ಕಿಂತ ಹೆಚ್ಚಾಗಿ ಹುರಿಗಾಳು ಸಿಡಿದಂಥ ಸದ್ದು. 78ರ ಮುಳ್ಳನ್ನು ಎಲ್‌ಪಿ ಮೇಲೆ ಇಡುವುದು ಇನ್ನೂ ಕೆಟ್ಟದ್ದು. ಅದು ಗೆರೆಯನ್ನೇ ಹಾಳುಮಾಡುತ್ತದೆ, ಮತ್ತೆ ಸರಿಪಡಿಸಲು ಬರುವುದಿಲ್ಲ.

ಮನೆಯ ಹಳೆ ಪ್ಲೇಯರ್ ಬೇಡ

ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ ಪ್ಲೇಯರನ್ನು ಅಟ್ಟದಿಂದ ಇಳಿಸಿ, ಒರೆಸಿ, ಅದರಲ್ಲೇ ಮೊದಲ ಪ್ಲೇಟು ಹಾಕಬೇಕು ಎನಿಸುವುದು ಸಹಜ. ದಯವಿಟ್ಟು ತಡೆಯಿರಿ. ಅವುಗಳಲ್ಲಿ ಇರುವುದು ಸೆರಾಮಿಕ್ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ), ಅದು ಗೆರೆಯ ಮೇಲೆ 4ರಿಂದ 6 ಗ್ರಾಂ, ಕೆಲವೊಮ್ಮೆ ಇನ್ನೂ ಹೆಚ್ಚು ಭಾರ ಹಾಕುತ್ತದೆ. ಮುಳ್ಳು ನೀಲಮಣಿಯದಾಗಿದ್ದರೆ ಅದು ಬಾಳಿಕೆ ಬರುವುದು ಕೆಲವು ಹತ್ತು ಗಂಟೆ ಮಾತ್ರ, ಮನೆಯಲ್ಲಿರುವುದು ಸವೆದು ದಶಕಗಳೇ ಆಗಿರುತ್ತವೆ. ಸವೆದ ಮುಳ್ಳಿನ ಅಂಚು ಉಳಿಯಂತೆ ಕೆಲಸ ಮಾಡುತ್ತದೆ, ಮೊದಲು ಹೋಗುವುದು ಮೇಲಿನ ಸ್ವರಗಳು. ಈಗ ಮಾರುಕಟ್ಟೆಯಲ್ಲಿರುವ ಅಗ್ಗದ ಸೂಟ್‌ಕೇಸ್ ಪ್ಲೇಯರುಗಳಲ್ಲೂ ಹೆಚ್ಚಾಗಿ ಇರುವುದು ಸೆರಾಮಿಕ್ ಕಾರ್ಟ್ರಿಜ್ಜೇ. ಫಿಯೆಸ್ಟಾವನ್ನು ಶೋಕೇಸಿನಲ್ಲಿಡಿ, ಅದಕ್ಕೆ ಆ ಮರ್ಯಾದೆ ಸಲ್ಲಬೇಕು.

ಇಳಿಸಲು ಬೇಕಾದದ್ದು ಇಷ್ಟು: ಭಾರ ಹೊಂದಿಸಲು ಬರುವ ಟೋನ್‌ಆರ್ಮ್ (ಮುಳ್ಳನ್ನು ಹೊತ್ತ ತೋಳು) ಇರುವ ಟರ್ನ್‌ಟೇಬಲ್, ಮ್ಯಾಗ್ನೆಟಿಕ್ ಕಾರ್ಟ್ರಿಜ್, ಫೋನೊ ಪ್ರೀಆಂಪ್, ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಮುಳ್ಳಿನ ಭಾರ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ. ಆಡಿಯೊ ಟೆಕ್ನಿಕಾದ ವಿಎಂ95 ಸರಣಿಯ ಕಾರ್ಟ್ರಿಜ್ ಈ ಕೆಲಸಕ್ಕೆ ಅನುಕೂಲ. ಒಂದೇ ಮೈಗೆ ಎಲ್‌ಪಿ ಮುಳ್ಳನ್ನೂ 78ರ ಮುಳ್ಳನ್ನೂ ಬದಲಿಸಿ ಹಾಕಬಹುದು. ಅದರ ಸಾಮಾನ್ಯ ಎಲ್‌ಪಿ ಮುಳ್ಳಿಗೆ ಭಾರ 2 ಗ್ರಾಂ. 78ರ ಮುಳ್ಳಿಗೆ ಇದಕ್ಕಿಂತ ಬಹಳ ಹೆಚ್ಚು ಬೇಕು, ಡಬ್ಬಿಯ ಮೇಲಿನ ಅಂಕಿಯನ್ನೇ ಪಾಲಿಸಿ. ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್ ಮಾತ್ರ. ಅಲ್ಲದೆ ರೆಕಾರ್ಡು ಕತ್ತರಿಸುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ ಮೇಲಿನವನ್ನು ಹಿಗ್ಗಿಸಿರುತ್ತಾರೆ. ಇದನ್ನು ಮತ್ತೆ ಸಮ ಮಾಡುವುದು ಫೋನೊ ಪ್ರೀಆಂಪ್. ಅದಿಲ್ಲದೆ ನೇರ ಲೈನ್ ಇನ್‌ಗೆ ಜೋಡಿಸಿದರೆ ಕೀರಲಾದ, ಬುಡವಿಲ್ಲದ ಸದ್ದು ಬರುತ್ತದೆ. ಎರಡು ಪ್ರೀಆಂಪ್ ಒಂದರ ಮೇಲೊಂದು ಬಂದರೆ ಎಲ್ಲವೂ ಗುಮ್ಮೆಂದು ಒಡೆಯುತ್ತದೆ. ಟರ್ನ್‌ಟೇಬಲ್ ಹಿಂದೆ ಫೋನೊ–ಲೈನ್ ಸ್ವಿಚ್ ಇದ್ದರೆ ಒಮ್ಮೆ ಬಗ್ಗಿ ನೋಡಿ.

ವಿದೇಶದಲ್ಲಿ ನೆಲೆಸಿರುವವರಿಗೆ ಒಂದು ಮಾತು. ಇಲ್ಲಿನ ವಿದ್ಯುತ್ತು 50 ಹರ್ಟ್ಸ್, ಅಮೆರಿಕದ್ದು 60. ಹಳೆಯ ಎಸಿ ಮೋಟರ್ ಇರುವ ಟರ್ನ್‌ಟೇಬಲ್‌ಗಳ ವೇಗವನ್ನು ಈ ಹರ್ಟ್ಸ್ ನಿರ್ಧರಿಸುತ್ತದೆ. ಅಪ್ಪನ ಪ್ಲೇಯರನ್ನು ಟ್ರಾನ್ಸ್‌ಫಾರ್ಮರ್ ಹಾಕಿ ನ್ಯೂಜೆರ್ಸಿಯಲ್ಲಿ ತಿರುಗಿಸಿದರೆ 33⅓ ಹೋಗಿ 40 ಆಗುತ್ತದೆ, ಶ್ರುತಿ ಮೂರು ಸ್ವರಸ್ಥಾನಕ್ಕೂ ಹೆಚ್ಚು ಏರುತ್ತದೆ. ಅಲ್ಲಿಂದ ಇಲ್ಲಿಗೆ ತಂದರೆ ತಿರುಗುಮುರುಗು, 28ಕ್ಕೆ ಇಳಿಯುತ್ತದೆ. ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸುವುದಿಲ್ಲ. ಡಿಸಿ ಮೋಟರಿನ ಈಗಿನ ಯಂತ್ರಗಳಿಗೆ ಈ ತೊಂದರೆಯಿಲ್ಲ.

ತೊಳೆಯುವುದು

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮಳೆಗಾಲ ಕಳೆದ ಪ್ಲೇಟುಗಳ ಮೇಲೆ ಬೂದಿ ಚುಕ್ಕೆಯಂಥ ಬೂಷ್ಟು ಇರುತ್ತದೆ. ಅದನ್ನು ಒಣಬಟ್ಟೆಯಿಂದ ಒರೆಸಿದರೆ ಗೆರೆಯೊಳಕ್ಕೆ ಇನ್ನಷ್ಟು ತುರುಕಿದಂತೆ. ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆದು ಬ್ರಷ್‌ನಿಂದ ಮೇಲಿನ ಪುಡಿ ತೆಗೆದು ಆಮೇಲೆ ತೊಳೆಯಿರಿ.

ವಿನೈಲ್ ಪ್ಲೇಟಿಗೆ ದ್ರಾವಣ: 800 ಮಿಲಿ ಡಿಸ್ಟಿಲ್ಡ್ ವಾಟರ್, 200 ಮಿಲಿ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್, ಬಣ್ಣ ವಾಸನೆಯಿಲ್ಲದ ಪಾತ್ರೆ ತೊಳೆಯುವ ದ್ರವ 2 ಹನಿ. ಹನಿ ಹೆಚ್ಚಾದರೆ ಸೋಪು ಗೆರೆಯಲ್ಲಿ ಒಣಗಿ ಮುಳ್ಳಿಗೆ ಮೆತ್ತುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಸರ್ಜಿಕಲ್ ಸ್ಪಿರಿಟ್ಟಿನಲ್ಲೂ ಬೇರೆ ಸೇರಿಕೆಗಳಿರುತ್ತವೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಒಣಗಿದ ಮೇಲೆ ಅದರ ಸುಣ್ಣ ಗೆರೆಯಲ್ಲಿ ಉಳಿದು ಚಟಪಟ ಎನ್ನುತ್ತದೆ.

ಪ್ಲೇಟನ್ನು ಸ್ವಚ್ಛ ಮೈಕ್ರೊಫೈಬರ್ ಬಟ್ಟೆಯ ಮೇಲೆ ಮಲಗಿಸಿ. ಲೇಬಲ್ಲಿಗೆ ತಾಗದಂತೆ ದ್ರಾವಣ ಹನಿಸಿ, ಒಂದು ನಿಮಿಷ ಬಿಡಿ. ಮೆದು ಬ್ರಷ್ಷನ್ನು ಗೆರೆಯ ದಿಕ್ಕಿನಲ್ಲೇ ಸುತ್ತಲೂ ಓಡಿಸಿ, ಅಡ್ಡಲಾಗಿ ಎಳೆಯಬೇಡಿ. ಬಟ್ಟೆಗೆ ಹೀರಿಸಿ, ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ತೊಳೆದು, ನೆರಳಿನಲ್ಲಿ ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಬಿಸಿಲಿಗಿಟ್ಟರೂ ಹೇರ್ ಡ್ರೈಯರ್ ಹಿಡಿದರೂ ಪ್ಲೇಟು ಸೊಟ್ಟಗಾಗುತ್ತದೆ. ಪೂರ್ತಿ ಒಣಗುವ ತನಕ ಮುಳ್ಳು ಇಡಬೇಡಿ.

78ರ ಅರಗಿನ ಪ್ಲೇಟಿಗೆ ಆಲ್ಕೊಹಾಲ್ ತಾಗಿಸಲೇಬಾರದು, ಅರಗು ಅದರಲ್ಲಿ ಕರಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೋಪು ಹಾಕಿ ಬೇಗ ಒರೆಸಿ, ಬೇಗ ಒಣಗಿಸಿ. ನೆನೆಸಿಡಬೇಡಿ. ಬಿರುಕು ಬಿಟ್ಟಿದ್ದರೆ ನೀರೇ ಬೇಡ.

ತೊಳೆದ ಪ್ಲೇಟನ್ನು ಹಳೆಯ ಒಳಚೀಲಕ್ಕೆ ವಾಪಸ್ ಹಾಕಿದರೆ ಮಾಡಿದ ಕೆಲಸ ವ್ಯರ್ಥ. ಪಾಲಿಥೀನ್ ಒಳಪದರದ ಹೊಸ ಚೀಲ ಕೊಳ್ಳಿ. ಪಿವಿಸಿಯ ಮೆದು ಚೀಲ ಬೇಡ, ಅದರ ಎಣ್ಣೆಯಂಶ ವರ್ಷಗಳಲ್ಲಿ ಪ್ಲೇಟಿನ ಮೈಗೆ ಮಂಜು ಹಿಡಿಸುತ್ತದೆ. ಹೊರಗಿನ ರಟ್ಟಿನ ಹೊದಿಕೆಯನ್ನು ಮಾತ್ರ ಎಷ್ಟೇ ಹರಿದಿದ್ದರೂ ಎಸೆಯಬಾರದು. ಕೊಂಡ ಅಂಗಡಿಯ ಮೊಹರು, ಅಮ್ಮನ ಅಕ್ಷರದ ಹೆಸರು, ಉಡುಗೊರೆ ಕೊಟ್ಟ ದಿನಾಂಕ ಎಲ್ಲ ಇರುವುದು ಅದರ ಮೇಲೆಯೇ.

ಹೊಂದಾಣಿಕೆ ಮತ್ತು ವೇಗ

ಟೋನ್‌ಆರ್ಮಿನ ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಜಾರುವುದನ್ನು ತಡೆಯುವ ಹೊಂದಿಕೆ) ಸೊನ್ನೆಗೆ ತಂದು, ಹಿಂದಿನ ತೂಕವನ್ನು ತಿರುಗಿಸುತ್ತ ಆರ್ಮ್ ಗಾಳಿಯಲ್ಲಿ ಸಮನಾಗಿ ನಿಲ್ಲುವಂತೆ ಮಾಡಿ. ಅಲ್ಲಿ ಅಂಕಿಯ ಬಳೆಯನ್ನು ಸೊನ್ನೆಗಿಟ್ಟು, ಬೇಕಾದ ಗ್ರಾಂಗೆ ತಿರುಗಿಸಿ, ತಕ್ಕಡಿಯಲ್ಲಿ ಖಚಿತಪಡಿಸಿಕೊಳ್ಳಿ. ಆಂಟಿಸ್ಕೇಟನ್ನೂ ಅದೇ ಅಂಕಿಗೆ ತನ್ನಿ. ಭಾರ ಕಡಿಮೆ ಮಾಡಿದರೆ ಪ್ಲೇಟಿಗೆ ಒಳ್ಳೆಯದು ಎಂದು ಹಲವರು ತಿಳಿದಿರುತ್ತಾರೆ. ನಿಜವೆಂದರೆ ಭಾರ ಸಾಲದಿದ್ದರೆ ಮುಳ್ಳು ಗೆರೆಯೊಳಗೆ ಕುಣಿದು ಗೋಡೆಗೆ ಬಡಿಯುತ್ತದೆ, ಅದರ ಹಾನಿ ಹೆಚ್ಚು.

ವೇಗ ನೋಡಲು ಯಾವ ಉಪಕರಣವೂ ಬೇಕಿಲ್ಲ. ಮ್ಯಾಟಿನ ಅಂಚಿಗೆ ಒಂದು ಕಾಗದದ ಚೂರು ಅಂಟಿಸಿ, ಮುಳ್ಳು ಇಟ್ಟು, ನಿಖರವಾಗಿ 3 ನಿಮಿಷ ಸುತ್ತು ಎಣಿಸಿ. 33⅓ಕ್ಕೆ 100 ಸುತ್ತು, 45ಕ್ಕೆ 135, 78ಕ್ಕೆ 234 ಬರಬೇಕು. ಕಣ್ಣಿನಲ್ಲಿ ಎಣಿಸಲಾಗದಿದ್ದರೆ ಫೋನಿನಲ್ಲಿ ಚಿತ್ರೀಕರಿಸಿ ನಿಧಾನವಾಗಿ ಓಡಿಸಿ. 100ಕ್ಕೆ ಒಂದು ಸುತ್ತು ಕಡಿಮೆಯಾದರೆ ಶೇಕಡಾ 1 ನಿಧಾನ, ಅಂದರೆ ಒಂದು ಸ್ವರಸ್ಥಾನದ ಆರನೇ ಒಂದು ಪಾಲು ಶ್ರುತಿ ಇಳಿದಿದೆ. ಬೆಲ್ಟ್ ಸಡಿಲವಾಗಿದ್ದರೆ ಮೊದಲು ಅದನ್ನು ಬದಲಿಸಿ. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ವಿಚಾರಿಸಬಹುದು, ಹಳೆಯ ಬೆಲ್ಟನ್ನು ಅಳತೆಗೆ ಒಯ್ಯಿರಿ.

ಶ್ರುತಿ ಪರೀಕ್ಷೆಗೆ ಅಕಾರ್ಡಿಯನ್ ಬಹಳ ನೆರವಾಗುತ್ತದೆ. ಗಿಟಾರನ್ನು ನುಡಿಸುವವರು ತಮಗೆ ಬೇಕಾದಂತೆ ಶ್ರುತಿ ಮಾಡಿಕೊಳ್ಳುತ್ತಾರೆ. ಅಕಾರ್ಡಿಯನ್ನಿನ ರೀಡುಗಳ ಶ್ರುತಿಯನ್ನು ತಯಾರಿಕೆಯಲ್ಲೇ ‘ಎ’ ಸ್ವರ 440 ಹರ್ಟ್ಸ್ ಆಸುಪಾಸಿಗೆ ಬರುವಂತೆ ಕೂರಿಸಿರುತ್ತಾರೆ, ನುಡಿಸುವ ಹೊತ್ತಿನಲ್ಲಿ ಬದಲಿಸಲು ಬರುವುದಿಲ್ಲ. ಫೋನಿನ ಟ್ಯೂನರ್ ಹಿಡಿದಾಗ ಅಕಾರ್ಡಿಯನ್ ಪ್ಲೇಟುಗಳೆಲ್ಲವೂ ಒಂದೇ ಪ್ರಮಾಣದಲ್ಲಿ ತಗ್ಗಿ ಕೇಳಿಸಿದರೆ ನಿಮ್ಮ ಯಂತ್ರವನ್ನು ಅನುಮಾನಿಸಿ. ಒಂದೇ ಪ್ಲೇಟು ಹಾಗಿದ್ದರೆ ಮೂಲ ಟೇಪಿನದೇ ದೋಷವಿರಬಹುದು.

ಸುಮಾರು ಎರಡು ಸೆಕೆಂಡಿಗೊಮ್ಮೆ ಸ್ವರ ಏರಿಳಿಯುತ್ತ ತೂಗಿದಂತಾದರೆ ಯಂತ್ರದ ತಪ್ಪಲ್ಲ, ಪ್ಲೇಟಿನ ತೂತು ನಡುವಿನಲ್ಲಿಲ್ಲ. ಎಲ್‌ಪಿಯ ಒಂದು ಸುತ್ತಿಗೆ 1.8 ಸೆಕೆಂಡು. ತೂತು ಒಂದು ಮಿಲಿಮೀಟರ್ ಸರಿದಿದ್ದರೂ ಒಳಗಿನ ಹಾಡುಗಳಲ್ಲಿ ವೇಗ ಶೇಕಡಾ ಒಂದೂವರೆಗೂ ಹೆಚ್ಚು ಅತ್ತಿತ್ತ ಆಗುತ್ತದೆ, ಹವಾಯಿಯನ್ ಗಿಟಾರಿನಲ್ಲಿ ಇದನ್ನು ಸಹಿಸುವುದು ಕಷ್ಟ. ಅಷ್ಟಕ್ಕೆ ತೂತು ಕೊರೆಯಲು ಹೋಗಬೇಡಿ. ಅದೇ ರೆಕಾರ್ಡಿನ ಇನ್ನೊಂದು ಪ್ರತಿ ಹುಡುಕುವುದೇ ಒಳ್ಳೆಯ ದಾರಿ.

ಇಳಿಸುವುದು

ಆಡಾಸಿಟಿ ಉಚಿತವಾಗಿ ಸಿಗುವ ತಂತ್ರಾಂಶ, ಈ ಕೆಲಸಕ್ಕೆ ಸಾಕು. 24 ಬಿಟ್, 96 ಕಿಲೊಹರ್ಟ್ಸ್ ಇಟ್ಟುಕೊಳ್ಳಿ. ನಿಮಿಷಕ್ಕೆ ಸುಮಾರು 35 ಎಂಬಿಯಾಗುತ್ತದೆ, 40 ನಿಮಿಷದ ಎಲ್‌ಪಿಗೆ 1.4 ಜಿಬಿ. ಕಿವಿಗೆ 48 ಕಿಲೊಹರ್ಟ್ಸ್ ಸಾಕಾದರೂ ಚಟಪಟ ಸದ್ದಿನ ಅಂಚುಗಳು 96ರಲ್ಲಿ ಚೂಪಾಗಿ ಕಾಣುತ್ತವೆ, ತೆಗೆಯುವುದು ಸುಲಭ. ಪ್ಲೇಟಿನಲ್ಲಿ ಅತಿ ಜೋರಾದ ಭಾಗವನ್ನು ಮೊದಲು ನುಡಿಸಿ, ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ, ಎರಡೂ ಬದಿ ಮುಗಿಯುವ ತನಕ ಅದನ್ನು ಮುಟ್ಟಬೇಡಿ. ಮಟ್ಟ ಮೀರಿ ಚಪ್ಪಟೆಯಾದ ಅಲೆಯನ್ನು ಆಮೇಲೆ ಸರಿಪಡಿಸಲು ಸಾಧ್ಯವಿಲ್ಲ.

ಸ್ಪೀಕರ್ ಬಂದ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿ, ಸ್ಪೀಕರಿನ ಕಂಪನ ಮುಳ್ಳಿಗೆ ತಲುಪುತ್ತದೆ. ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಬಂದರೆ ಟರ್ನ್‌ಟೇಬಲ್ಲಿನ ಅರ್ಥಿಂಗ್ ತಂತಿ ಪ್ರೀಆಂಪಿನ ಸ್ಕ್ರೂಗೆ ಬಿಗಿಯಾಗಿದೆಯೇ ನೋಡಿ. ಆಗಲೂ ಹೋಗದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಇಡೀ ಬದಿಯನ್ನು ಒಂದೇ ಫೈಲಾಗಿ, ಮುಳ್ಳು ಇಳಿಯುವ ಮೊದಲಿನಿಂದ ಎತ್ತುವ ತನಕ ಇಳಿಸಿ. ಮೋನೊ ಪ್ಲೇಟನ್ನೂ ಸ್ಟೀರಿಯೊದಲ್ಲೇ ಇಳಿಸಿ. ಈ ಮೂಲ ಫೈಲನ್ನು ಹಾಗೇ ಎತ್ತಿಟ್ಟು, ಮುಂದಿನ ಕೆಲಸವನ್ನೆಲ್ಲ ಪ್ರತಿಯ ಮೇಲೆ ಮಾಡಿ.

ಸದ್ದು ತೆಗೆಯುವಾಗ ಕೈ ಬಿಗಿಹಿಡಿಯಿರಿ

ಮೋನೊ ಪ್ಲೇಟಾದರೆ ಎರಡು ಚಾನೆಲ್ಲುಗಳನ್ನು ಕೂಡಿಸಿ ಒಂದು ಮಾಡಿ. ಮೋನೊ ಗೆರೆಯಲ್ಲಿ ಸಂಗೀತವಿರುವುದು ಅಡ್ಡ ಚಲನೆಯಲ್ಲಿ ಮಾತ್ರ. ಮೇಲೆ ಕೆಳಗಿನ ಕುಲುಕಾಟವೆಲ್ಲ ಬರೀ ಸದ್ದು, ಕೂಡಿಸಿದಾಗ ಅದು ತಾನಾಗಿ ರದ್ದಾಗುತ್ತದೆ. ಸಂಗೀತಕ್ಕೆ ಏನೂ ಆಗದೆ ಸಿಗುವ ಲಾಭವಿದು. ಒಂದು ಗೋಡೆ ಹೆಚ್ಚು ಸವೆದಿದ್ದರೆ ಮಾತ್ರ ಚೆನ್ನಾಗಿರುವ ಚಾನೆಲ್ ಒಂದನ್ನೇ ಇಟ್ಟುಕೊಳ್ಳಿ. ಗೀರಿನ ಕೆಲಸವೆಲ್ಲ ಮುಗಿದ ಮೇಲೆ, ಕೊನೆಗೆ, 25 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ ಪಾಸ್ ಫಿಲ್ಟರಿನಿಂದ ಕತ್ತರಿಸಿ. ಅಲ್ಲಿರುವುದು ಸೊಟ್ಟ ಪ್ಲೇಟಿನ ಏರಿಳಿತ ಮತ್ತು ಮೋಟರಿನ ಗುಡುಗು.

ಚಟಪಟ ತೆಗೆಯುವ ಸ್ವಯಂಚಾಲಿತ ಸಾಧನವನ್ನು ಇಡೀ ಬದಿಗೆ ಒಂದೇ ಸಲ ಹಾಕಬೇಡಿ. ಚೂಪಾದ ಅಲೆ ಕಂಡಲ್ಲೆಲ್ಲ ಅದು ಗೀರು ಎಂದೇ ತಿಳಿಯುತ್ತದೆ. ಮೀಟಿದ ತಂತಿಯ ಮೊದಲ ಪೆಟ್ಟು, ಬಾಂಗೊ, ಟ್ರಂಪೆಟ್, ಸ್ಯಾಕ್ಸೊಫೋನ್ ಎಲ್ಲವೂ ಅದರ ಕಣ್ಣಿಗೆ ಗೀರುಗಳೇ. ಗಿಟಾರಿನ ಪ್ಲೇಟಿಗೆ ಜೋರಾಗಿ ಹಾಕಿದರೆ ತಂತಿ ಮೀಟಿದ್ದು ಹತ್ತಿಯಲ್ಲಿ ಸುತ್ತಿದಂತೆ ಮೆತ್ತಗಾಗುತ್ತದೆ. ದೊಡ್ಡ ಗೀರುಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿ, ಆಡಾಸಿಟಿಯ ರಿಪೇರ್ ಬಳಸಿ. ಅದು ಒಮ್ಮೆಗೆ 128 ಸ್ಯಾಂಪಲ್ ತನಕ ಸರಿಪಡಿಸುತ್ತದೆ. ತೆಗೆದದ್ದರಲ್ಲಿ ಸಂಗೀತ ಹೋಗಿದೆಯೇ ಎಂದು ತಿಳಿಯಲು ಮೂಲ ಫೈಲಿನ ಅಲೆಯನ್ನು ತಲೆಕೆಳಗು ಮಾಡಿ (ಇನ್ವರ್ಟ್) ಹೊಸದರ ಜೊತೆ ಕೂಡಿಸಿ ಕೇಳಿ. ಉಳಿಯುವುದು ನೀವು ತೆಗೆದುಹಾಕಿದ ಭಾಗ ಮಾತ್ರ. ಅದರಲ್ಲಿ ಧಾಟಿ ಕೇಳಿಸಿದರೆ ಹೆಚ್ಚು ಕತ್ತರಿಸಿದ್ದೀರಿ. ಈ ಪರೀಕ್ಷೆಯನ್ನು ಮಟ್ಟ ಬದಲಿಸುವುದಕ್ಕೂ ಫಿಲ್ಟರ್ ಹಾಕುವುದಕ್ಕೂ ಮೊದಲೇ ಮಾಡಬೇಕು. ಆದ್ದರಿಂದ ಸ್ಟೀರಿಯೊ ಪ್ಲೇಟಿನಲ್ಲಿ ಗೀರಿನ ಕೆಲಸ ಮೊದಲು, ಫಿಲ್ಟರ್ ಆಮೇಲೆ. ಮೋನೊದಲ್ಲಿ ಕೂಡಿಸಿದ ಫೈಲನ್ನೇ ಮೂಲವೆಂದು ಇಟ್ಟುಕೊಂಡು, ಫಿಲ್ಟರನ್ನು ಕೊನೆಗೆ ಬಿಡಿ.

ಉಸ್ ಎನ್ನುವ ಸದ್ದಿಗೆ ನಾಯ್ಸ್ ರಿಡಕ್ಷನ್ ಹಾಕಲೇಬೇಕೆಂದರೆ ಹಾಡು ಶುರುವಾಗುವ ಮುಂಚಿನ ಖಾಲಿ ಗೆರೆಯ ಎರಡು ಸೆಕೆಂಡಿನ ಮಾದರಿ ಕೊಟ್ಟು 6 ಡೆಸಿಬೆಲ್‌ಗೆ ನಿಲ್ಲಿಸಿ. 12 ದಾಟಿದರೆ ಅಕಾರ್ಡಿಯನ್ನಿನ ನಡುಕ ನೀರೊಳಗಿಂದ ಬಂದಂತಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನ ಪ್ಲೇಟುಗಳಿಗೆ ಇದು ಬೇಕಾಗುವುದೇ ಇಲ್ಲ. ಆ ಸಣ್ಣ ಉಸ್ ಸದ್ದಿಗೆ ಕಿವಿ ಅರ್ಧ ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ, ಹಾಳಾದ ನಾದಕ್ಕೆ ಹೊಂದಿಕೊಳ್ಳುವುದಿಲ್ಲ.

ಹೆಸರು, ನೆನಪು, ಪ್ರತಿಗಳು

ಫೈಲಿನ ಹೆಸರನ್ನು ಕ್ಯಾಟಲಾಗ್ ಸಂಖ್ಯೆ, ಬದಿ, ಕ್ರಮ, ವಾದಕರು, ಹಾಡು, ಚಿತ್ರ ಎಂಬ ಕ್ರಮದಲ್ಲಿ ಕೊಡಿ. ಲೇಬಲ್, ಹೊದಿಕೆಯ ಎರಡೂ ಬದಿ, ಲೇಬಲ್ ಸುತ್ತಲ ಖಾಲಿ ಜಾಗದಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ ಇವನ್ನೆಲ್ಲ ಫೋಟೊ ತೆಗೆಯಿರಿ. ಕೆತ್ತಿದ ಅಂಕಿ ಓದಲು ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಲೇಬಲ್ಲಿನಲ್ಲಿ ಚಿತ್ರದ ಹೆಸರೇ ಇಲ್ಲದ ಪ್ಲೇಟುಗಳೂ ಇರುತ್ತವೆ. ಅಲ್ಲಿ ಅಪ್ಪ ಅಮ್ಮ, ಚಿಕ್ಕಪ್ಪ, ಅತ್ತೆ ಇವರನ್ನೇ ಕೇಳಬೇಕು. ಹೆಸರು ಹೇಳಿ ನೆನಪಿದೆಯೇ ಎಂದು ಕೇಳಿದರೆ ಹೆಚ್ಚಿನದು ಹೊರಬರುವುದಿಲ್ಲ. ಇಳಿಸಿದ್ದನ್ನು ಕೇಳಿಸಿ, ಪಕ್ಕದಲ್ಲಿ ಫೋನಿನಲ್ಲಿ ಅವರ ಮಾತನ್ನು ಮುದ್ರಿಸಿಕೊಳ್ಳಿ. ಯಾವ ಊರಿನಲ್ಲಿ ಕೊಂಡದ್ದು, ಎಷ್ಟು ರೂಪಾಯಿ, ಯಾರ ಮದುವೆಗೆ ಹಾಕಿದ್ದು, ಯಾವ ಜಾಗದಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು ಎಂಬುದೆಲ್ಲ ತಾನಾಗಿ ಬರುತ್ತದೆ. ಆ ಮಾತಿನ ಫೈಲನ್ನೂ ಅದೇ ಕ್ಯಾಟಲಾಗ್ ಸಂಖ್ಯೆಯಲ್ಲಿ ಉಳಿಸಿ.

ಕಾಪಿಡಲು ಎಫ್‌ಎಲ್‌ಎಸಿ ರೂಪ ಆಯ್ದುಕೊಳ್ಳಿ. ಗುಣಮಟ್ಟ ಒಂದಿಷ್ಟೂ ಹೋಗದೆ ಗಾತ್ರ ಬಹಳಷ್ಟು ಇಳಿಯುತ್ತದೆ. ಕಾರಿಗೆ, ಫೋನಿಗೆ, ದೂರದ ಅಣ್ಣ ತಂಗಿಯರಿಗೆ ಕಳಿಸಲು 320 ಕೆಬಿಪಿಎಸ್ ಎಂಪಿ3 ಸಾಕು. ಎಲ್ಲರಿಗೂ ಕೇಳಲೆಂದು ಅಂತರಜಾಲಕ್ಕೆ ಏರಿಸುವ ಮುನ್ನ ಕಾನೂನು ನೋಡಿ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಆದರೆ ರಾಗಸಂಯೋಜನೆಯ ಹಕ್ಕು ಸಂಯೋಜಕರು ತೀರಿಕೊಂಡ ಬಳಿಕವೂ 60 ವರ್ಷ ನಡೆಯುತ್ತದೆ. ಹಾಗಾಗಿ 1960ರ ರೆಕಾರ್ಡಿನ ಧ್ವನಿಮುದ್ರಣದ ಅವಧಿ ಮುಗಿದಿದ್ದರೂ ಧಾಟಿಯದು ಮುಗಿದಿರಲಿಕ್ಕಿಲ್ಲ.

ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ ಇರಲಿ. ವರ್ಷಕ್ಕೊಮ್ಮೆ ಎರಡನ್ನೂ ತೆರೆದು ಕೇಳಿ ನೋಡಿ. ಇಳಿಸಿಯಾಯಿತೆಂದು ಪ್ಲೇಟುಗಳನ್ನು ಗುಜರಿಗೆ ಹಾಕಬೇಡಿ, ಮುಂದೆ ಇನ್ನೂ ಒಳ್ಳೆಯ ಮುಳ್ಳಿನಿಂದ ಮತ್ತೆ ಇಳಿಸಬೇಕೆನಿಸಬಹುದು. ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಓರೆಯಾಗಿ ವಾಲದಷ್ಟು ಒತ್ತಾಗಿ, ಬೆರಳು ಹಾಕಿ ಎಳೆಯುವಷ್ಟು ಸಡಿಲವಾಗಿ ಇರಲಿ. ಹೊರಗೋಡೆಗೆ ಅಂಟಿಕೊಂಡ ಕಪಾಟು ಮಳೆಗಾಲದಲ್ಲಿ ತಂಪು ಹಿಡಿಯುತ್ತದೆ, ಒಳಗೋಡೆಯ ಕಡೆ ಇಡಿ.